ಚುಚ್ಚಿದವರೇ ಎತ್ತಿಕೊಳ್ಳಬೇಕು

ಮೀಸೆ ಬಿಟ್ಟ ಗಂಡಸೊಬ್ಬ ಹಾಡುಹಗಲಲ್ಲಿ ಯಾರದೋ ಕೂಸನ್ನು ಎದೆಗವಚಿಕೊಂಡು ಕಬ್ಬಿಣದ ಕುರ್ಚಿಯಲ್ಲಿ ತೂಗುತ್ತ ಕೂತಿದ್ದನ್ನು ಸಿಂಧನೂರಿನ ಬಹಳ ಮಂದಿ ನೋಡಿದ್ದಾರೆ, ನೋಡಿ ನಕ್ಕಿದ್ದಾರೆ. ಆ ಗಂಡಸು ನಾನೇ. ನಕ್ಕವರ ಮೇಲೆ ಆಗ ನನಗೆ ಸಿಟ್ಟಿತ್ತು. ಹಾಗೆ ಕೂರಿಸಿದವರ ಮೇಲೆ ಇನ್ನೂ ಹೆಚ್ಚು ಸಿಟ್ಟಿತ್ತು.

ಕೂರಿಸಿದವರು ತೀರಿಹೋಗಿ ಈಗ ವರ್ಷ ತುಂಬಿತು. ಲಿಂಗಸುಗೂರಿನಲ್ಲಿ ಅವರ ತಮ್ಮನ ಮನೆಯಲ್ಲಿ ವರ್ಷದ ಪೂಜೆ ಇಟ್ಟುಕೊಂಡಿದ್ದರು. ಪ್ರಸಾದವಾದ ಮೇಲೆ ನಾಲ್ಕು ಜನ ಎದ್ದು ಅವರ ಗುಣಗಾನ ಮಾಡಿದರು. ನನಗೂ ಮಾತಾಡು ಅಂದರು. ಎದ್ದು ನಿಂತೆ, ಕೈಮುಗಿದು ಕೂತೆ. ಬಾಯಿಗೆ ಬಾರದ್ದು ಕೈಗಾದರೂ ಬಂದೀತೆಂದು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರಿನ ಬೋರ್ಡನ್ನೇ ಅವರು ಪುಟ್ಟದಾಗಿ ಬರೆಸಿದ್ದರು. ಅಷ್ಟು ಸಾಕು, ಹುಡುಕಿಕೊಂಡು ಬರುವವರು ಬರುತ್ತಾರೆ ಎನ್ನುತ್ತಿದ್ದರು. ಊರವರಿಗೆ ಅವರು ಡಾಕ್ಟರಮ್ಮ. ನನಗೂ ಹಾಗೇ ಇರಲಿ.

ನಾನು ಮಸ್ಕಿಯವನು. ರಕ್ತ, ಮೂತ್ರ ಪರೀಕ್ಷಿಸುವ ವಿದ್ಯೆ ಕಲಿತು ಎಂಬತ್ತರ ದಶಕದ ನಡುವಿನಲ್ಲಿ ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಲ್ಯಾಬು ತೆರೆದೆ. ಕಾಲುವೆ ನೀರು ಬಂದು ಊರು ಉಬ್ಬುತ್ತಿದ್ದ ಕಾಲ. ಭತ್ತದ ಗದ್ದೆ, ರೈಸ್ ಮಿಲ್ಲು, ಗದ್ದೆಯ ಸೊಳ್ಳೆ, ಸೊಳ್ಳೆಯ ಜ್ವರ, ಜ್ವರಕ್ಕೊಬ್ಬ ಡಾಕ್ಟರು, ಡಾಕ್ಟರಿಗೊಂದು ಲ್ಯಾಬು. ಮಲೇರಿಯಾದ ಕೃಪೆಯಿಂದ ನನ್ನ ಹೊಟ್ಟೆ ತುಂಬುತ್ತಿತ್ತು. ನನ್ನ ಕೈ ಬಹಳ ಹಗುರ ಎಂದು ಮಂದಿ ಹೊಗಳುತ್ತಿದ್ದರು. ಮಂದಿಗಿಂತ ಮೊದಲೇ ನಾನು ಹೊಗಳಿಕೊಂಡಿದ್ದೆ ಅನ್ನಿ.

ಡಾಕ್ಟರಮ್ಮ ಲಿಂಗಸುಗೂರು ಬಜಾರಿನ ಕಿರಾಣಿ ವ್ಯಾಪಾರಿಯೊಬ್ಬರ ಮಗಳು. ಮನೆ ತುಂಬ ಶಿವಭಕ್ತಿ. ಇವರ ಹಣೆಯ ಮೇಲೂ ತೆಳ್ಳಗೆ ಒಂದು ಎಳೆ ವಿಭೂತಿ. ದೂರದ ದೊಡ್ಡ ಊರಿನಲ್ಲಿ ಮಕ್ಕಳ ವೈದ್ಯ ಓದಿ ಬಂದು ಮಸ್ಕಿ ರಸ್ತೆಯಲ್ಲಿ ಚಿಕ್ಕ ಆಸ್ಪತ್ರೆ ತೆರೆದಿದ್ದರು. ಆಳು ಗಿಡ್ಡ, ದನಿ ಮಾತ್ರ ರಸ್ತೆಯ ಆಚೆ ದಡಕ್ಕೆ ಕೇಳಿಸುವಂಥದ್ದು. ಅವರು ನಮ್ಮನ್ನೆಲ್ಲ ನೀನು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಬಹುವಚನ. "ನೀವು ದೊಡ್ಡವರು, ನಿಮಗ ಏನು ಹೇಳೂದೈತ್ರಿ" ಎಂದರೆ ಎದುರಿಗಿದ್ದವರ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು. ಎಡ ಮಣಿಕಟ್ಟಿನ ಒಳಭಾಗ ಬಿಸಿ ನೋಡಲಿಕ್ಕೆ ಮೀಸಲು. ಕೂಸಿಗೆ ಕೊಡುವ ಹಾಲು, ಕೂಸಿಗೆ ಸುತ್ತುವ ಬಟ್ಟೆ, ಯಾವುದೇ ಆಗಲಿ ಮೊದಲು ಆ ಜಾಗವನ್ನು ಮುಟ್ಟಿ ಪಾಸಾಗಬೇಕಿತ್ತು.

ಅವರು ಮೊದಲ ಸಲ ನನಗೆ ಹೇಳಿಕಳಿಸಿದ್ದು ತಿಂಗಳು ತುಂಬುವ ಮೊದಲೇ ಹುಟ್ಟಿದ ಒಂದು ಕೂಸಿನ ರಕ್ತ ತೆಗೆಯಲಿಕ್ಕೆ. ದೊಡ್ಡವರಿಗೆ ಒಯ್ಯುವ ಸಿರಿಂಜು, ಬಾಟಲಿಗಳ ತಟ್ಟೆಯನ್ನೇ ಹಿಡಿದು ಹೋದೆ. ಎಷ್ಟು ತೆಗೀತಿ ಎಂದು ಕೇಳಿದರು. ಬಾಟಲಿ ತೋರಿಸಿದೆ. ಅವರು ಎದುರಿನ ಹೋಟೆಲಿನಿಂದ ನನಗೊಂದು ಚಹಾ ತರಿಸಿದರು. ಮರ್ಯಾದೆ ಚೆನ್ನಾಗಿದೆಯಲ್ಲ ಎಂದು ಗ್ಲಾಸು ಕೈಗೆ ತಗೊಂಡೆ. ಆಗ ಹೇಳಿದರು:

"ಈ ಕೂಸಿನ ಮೈಯಾಗ ಇರೋ ರಕ್ತ ಎಲ್ಲಾ ಸೇರಿ ನಿನ್ನ ಕೈಯಾಗಿನ ಗ್ಲಾಸಿನಷ್ಟು. ನೀ ಒಂದು ಗುಟುಕು ಕುಡದ್ರ ಏನು ಉಳೀತೈತಿ, ನೋಡಿ ಹೇಳು."

ಚಹಾ ಆರಿ ತಣ್ಣಗಾಯಿತು. ಕುಡಿಯಲಾಗಲಿಲ್ಲ. ಇವತ್ತಿಗೂ ಹೋಟೆಲಿನ ಚಹಾದ ಗ್ಲಾಸು ಕಂಡರೆ ಮೊದಲ ಗುಟುಕಿಗೆ ಮುಂಚೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಆಮೇಲೆ ಪಾಠ ಶುರುವಾಯಿತು. ಅಂಥ ಕೂಸಿಗೆ ರಕ್ತನಾಳ ಹುಡುಕಿ ಸೂಜಿ ತೂರಿಸುವ ಹಾಗಿಲ್ಲ. ಹಿಮ್ಮಡಿಯಲ್ಲಿ ಸಣ್ಣಗೆ ಚುಚ್ಚಿ, ಕೂದಲಿನಂಥ ಗಾಜಿನ ಕೊಳವೆಗೆ ಹನಿ ಏರಿಸಿಕೊಳ್ಳಬೇಕು. ಹಿಮ್ಮಡಿಯಲ್ಲಿ ಎಲ್ಲಿ ಎಂದು ಕೇಳಿದೆ. "ಚಪ್ಪಲಿ ಬಿಡು" ಅಂದರು. ಬಿಟ್ಟೆ. ಅವರು ನೆಲದ ಮೇಲೆ ಕೂತು, ನನ್ನ ಕಾಲನ್ನು ತಮ್ಮ ಮೊಳಕಾಲ ಮೇಲೆ ಇಟ್ಟುಕೊಂಡು, ಜೇಬಿನ ಪೆನ್ನಿನಿಂದ ಹಿಮ್ಮಡಿಯ ಎರಡೂ ಮಗ್ಗುಲಿಗೆ ಒಂದೊಂದು ಗೆರೆ ಎಳೆದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ನನಗಿಂತ ಹಿರಿಯರು, ಹೆಣ್ಣುಮಗಳು, ಡಾಕ್ಟರು, ಹಣೆಗೆ ವಿಭೂತಿ ಹಚ್ಚಿದವರು, ನನ್ನ ಧೂಳುಗಾಲು ಹಿಡಿದು ಕೂತಿದ್ದಾರೆ! ಕಾಲು ಎಳಕೊಳ್ಳಲು ಹೋದರೆ ಇನ್ನೂ ಬಿಗಿಯಾಗಿ ಹಿಡಿದರು. ಈ ಗೆರೆಗಳ ಹೊರಗೆ ಚುಚ್ಚಬೇಕು, ನಡುವೆ ಅಲ್ಲ, ಹಿಂದಿನ ತುದಿಗೆ ಮೊದಲೇ ಅಲ್ಲ. ಅಲ್ಲಿ ತೊಗಲಿನ ಕೆಳಗೇ ಎಲುಬು ಇರುತ್ತದೆ, ಎಲುಬಿಗೆ ತಾಗಿ ಕೀವಾದರೆ ಕೂಸು ಬದುಕಿದರೂ ಕಾಲು ಹೋಗುತ್ತದೆ ಎಂದರು. ಹಾಗೆ ಕುಂಟುವ ಒಂದು ಮಗುವನ್ನು ತಾವು ಓದುವ ದಿನಗಳಲ್ಲಿ ಕಂಡಿದ್ದಾಗಿ ಹೇಳಿ, ಪೆನ್ನಿನ ಮುಚ್ಚಳ ಹಾಕಿದರು. ಆ ಶಾಯಿ ತೊಳೆದರೂ ಹಲವು ದಿನ ಹೋಗಲಿಲ್ಲ. ಹೆಂಡತಿ ಇದೇನಿದು ಎಂದು ಕೇಳಿದಳು. ಪಾಠ ಎಂದೆ.

ಹೆಂಡತಿಯ ಮಾತು ಬಂತು, ಉಂಗುರದ್ದೂ ಹೇಳಿಬಿಡುತ್ತೇನೆ. ಕೂಸನ್ನು ಮುಟ್ಟುವ ಮೊದಲು ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆಯಬೇಕು, ಉಗುರು ಕತ್ತರಿಸಿರಬೇಕು, ಉಂಗುರ ತೆಗೆದಿರಬೇಕು. ಮದುವೆಯ ಉಂಗುರ ರೀ, ಹೊಸದು ಎಂದೆ. ಉಂಗುರದ ಸಂದಿಯಲ್ಲಿ ಇರುವ ಕೊಳೆಗೆ ನಿನ್ನ ಮದುವೆ ಗೊತ್ತಿಲ್ಲ ಅಂದರು. ಉಂಗುರ ಜೇಬಿಗೆ ಹೋಯಿತು, ಜೇಬಿನಿಂದ ಎಲ್ಲಿಗೋ ಹೋಯಿತು. ನಮ್ಮ ಮನೆಯಲ್ಲಿ ಎದ್ದ ತಕರಾರು ಬೇರೆಯೇ ಕಥೆ. ಮತ್ತೊಂದು ಉಂಗುರ ಬಂದಾಗ ಅದನ್ನು ತಾಯಿತದ ಹಾಗೆ ಕೊರಳಿನ ದಾರಕ್ಕೆ ಕಟ್ಟಿಕೊಂಡೆ.

ಆ ಮೊದಲ ದಿನವೇ ನಾನು ಆ ಆಸ್ಪತ್ರೆಯ ದೊಡ್ಡ ನಿಯಮ ಕಲಿತದ್ದು. ಕೂಸಿನ ಕಾಲಿಗೆ ಬೆಚ್ಚಗಿನ ಬಟ್ಟೆ ಸುತ್ತಿದ್ದಾಯಿತು, ಚುಚ್ಚಿದ್ದಾಯಿತು, ಮೊದಲ ಹನಿ ಒರೆಸಿ ಆಮೇಲಿನ ಹನಿಗಳನ್ನು ಕೊಳವೆಗೆ ಏರಿಸಿದ್ದಾಯಿತು. ಕೂಸು ಅತ್ತಿತು. ಅದನ್ನು ಅಳು ಎನ್ನಬೇಕೋ ಬೇಡವೋ. ಬೆಕ್ಕಿನ ಮರಿಯ ದನಿಯಷ್ಟೂ ಇಲ್ಲ. ಬಾಯಿ ಮಾತ್ರ ಪೂರ್ತಿ ತೆರೆದಿದೆ, ಹಣೆ ಮುದುಕರ ಹಣೆಯ ಹಾಗೆ ಸುಕ್ಕುಗಟ್ಟಿದೆ. ಕಾಮಣಿ, ಅಂದರೆ ಕಾಮಾಲೆಯ ಪರೀಕ್ಷೆಯ ರಕ್ತ ಬೆಳಕಿಗೆ ಕೆಡುತ್ತದೆ. ಅದಕ್ಕೇ ಕೊಳವೆಯನ್ನು ಫೋಟೋ ಸ್ಟುಡಿಯೋದಿಂದ ತಂದ ಕಪ್ಪು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಎದ್ದೆ. ಎಲ್ಲಿಗೆ ಎಂದರು. ಲ್ಯಾಬಿಗೆ ಹೋಗಬೇಕು, ಸ್ಯಾಂಪಲ್ ಕೆಡುತ್ತದೆ ಎಂದೆ.

"ಕತ್ತಲಾಗ ಇಟ್ಟೀಯಲ್ಲ, ಅದು ಕಾಯ್ತೈತಿ. ಕೂಸು ಕಾಯಂಗಿಲ್ಲ. ಅಳಿಸಿದಾಂವ ನೀ, ಎತ್ತಿಗೊಳ್ಳಾಂವನೂ ನೀನ."

ಅಂಗಿಯ ಗುಂಡಿ ಬಿಚ್ಚಿಸಿ, ಕೂಸನ್ನು ನನ್ನ ಬರಿಯೆದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಆ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ ಹೋದರು. ಅಳು ನಿಲ್ಲುವವರೆಗೆ ಏಳುವ ಹಾಗಿಲ್ಲ. ಸೇರು ಜೋಳದಷ್ಟೂ ತೂಕವಿಲ್ಲದ ಆ ಜೀವ ನನ್ನ ಎದೆಕೂದಲನ್ನು ಬೆರಳಲ್ಲಿ ಹಿಡಿದುಕೊಂಡಿತು. ಹೊರಗೆ ವರಾಂಡದಲ್ಲಿ ಕೂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಸೂರು ನೋಡುತ್ತ ಕೂತೆ.

ತಾಯಂದಿರೇ ಎತ್ತಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಹಸಿ ಬಾಣಂತಿ ಕೂಸಿನ ರಕ್ತ ನೋಡಬಾರದು, ನೋಡಿದರೆ ಎದೆಹಾಲು ಬತ್ತುತ್ತದೆ ಎಂದು ಹಿರಿಯ ಹೆಂಗಸರು ಅವರನ್ನು ದೂರ ಕರೆದೊಯ್ಯುತ್ತಿದ್ದರು. ನಾನು ತಟ್ಟೆ ಹಿಡಿದು ಒಳಗೆ ಬಂದರೆ ಸಾಕು, ವಾರ್ಡು ಖಾಲಿ. ಉಳಿಯುತ್ತಿದ್ದದ್ದು ಕೂಸು, ಚುಚ್ಚುವವನು, ಆ ಕುರ್ಚಿ.

ನಿಯಮ ನನಗಷ್ಟೇ ಎಂದುಕೊಂಡರೆ ತಪ್ಪು. ಡಾಕ್ಟರಮ್ಮ ತಾವೇ ಚುಚ್ಚಿದ ದಿನ ತಾವೇ ಕೂರುತ್ತಿದ್ದರು. ಹೊರಗೆ ಪಾಳಿ ಹಚ್ಚಿದ ಮಂದಿ ಗದ್ದಲ ಮಾಡುತ್ತಿದ್ದಾರೆ, ಜೀಪಿನಲ್ಲಿ ಬಂದ ದೊಡ್ಡ ಜಮೀನುದಾರ ತನ್ನ ಮೊಮ್ಮಗನ ಕೆಮ್ಮಿಗೆ ಮೊದಲು ಔಷಧ ಬೇಕೆಂದು ಜೋರು ಮಾಡುತ್ತಿದ್ದಾನೆ, ಒಳಗೆ ಇವರು ಸಾಲಗುಂದದ ಯಾರೋ ಕೂಲಿಯವರ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಣ್ಣುಮುಚ್ಚಿ ಕೂತಿದ್ದಾರೆ. ಮೇಡಂ ಎಲ್ಲಿ ಎಂದು ಕೇಳಿದವರಿಗೆ ನರ್ಸು ಹೇಳುತ್ತಿದ್ದದ್ದು ಎರಡೇ ಮಾತು: "ಚುಚ್ಚ್ಯಾರ. ಕುಂತಾರ." ಆ ಮಾತು ಆಸ್ಪತ್ರೆಯಲ್ಲಿ ಗಾದೆಯೇ ಆಗಿಬಿಟ್ಟಿತ್ತು. ಯಾರಾದರೂ ತಪ್ಪು ಮಾಡಿ ಮೂಲೆ ಹಿಡಿದರೂ ಚುಚ್ಚ್ಯಾರ, ಕುಂತಾರ ಎಂದು ನಗುತ್ತಿದ್ದೆವು.

ಈ ನಿಯಮದ ಮರ್ಮ ನನಗೆ ತಿಳಿದದ್ದು ನಿಧಾನವಾಗಿ. ಅಳು ನಿಲ್ಲುವವರೆಗೆ ನೀನೇ ಕೂರಬೇಕೆಂದರೆ ನೀನು ಎರಡನೇ ಸಲ ಚುಚ್ಚುವ ಹಾಗೆ ಮಾಡಿಕೊಳ್ಳುವುದಿಲ್ಲ. ಕಾಲು ಸರಿಯಾಗಿ ಬೆಚ್ಚಗಾಗುವವರೆಗೆ ಕಾಯುತ್ತೀಯ, ಹಿಂಡಿ ಹಿಂಡಿ ರಕ್ತ ಇಳಿಸುವುದಿಲ್ಲ. ಪರೀಕ್ಷೆ ಬರೆಯುವ ಡಾಕ್ಟರಿಗೂ ಅಷ್ಟೇ. ಇದು ಖಂಡಿತ ಬೇಕೇ ಎಂದು ಬರೆಯುವ ಮುಂಚೆ ಯೋಚನೆ ಬರುತ್ತದೆ. ಬೇರೆ ಡಾಕ್ಟರು ನಾಲ್ಕು ಪರೀಕ್ಷೆ ಬರೆಯುವಲ್ಲಿ ಇವರು ಒಂದು ಬರೆಯುತ್ತಿದ್ದರು. ನನ್ನ ವ್ಯಾಪಾರಕ್ಕೆ ಅದರಿಂದ ಲಾಭವೇನೂ ಆಗಲಿಲ್ಲ.

ಒಮ್ಮೆ ಹೊರಗಿನಿಂದ ಬಂದ ಅವರ ಓದಿನ ದಿನದ ಗೆಳೆಯರೊಬ್ಬರು, ಅವರೂ ಡಾಕ್ಟರೇ, ನಾನು ಕುರ್ಚಿಯಲ್ಲಿ ಕೂತಿದ್ದನ್ನು ಕಂಡು ನಕ್ಕರು. ಇಷ್ಟು ಚಿಕ್ಕ ಕೂಸಿಗೆ ನೋವು ತಿಳಿಯುವುದಿಲ್ಲ, ನರ ಇನ್ನೂ ಬಲಿತಿರುವುದಿಲ್ಲ, ಅಳುವುದು ಬರಿಯ ಅಭ್ಯಾಸ, ನಾವು ಓದಿದ್ದು ಮರೆತೆಯಾ ಎಂದರು. ಆ ಕಾಲದಲ್ಲಿ ಬಹಳ ಡಾಕ್ಟರು ಹಾಗೇ ನಂಬಿದ್ದರು. ಡಾಕ್ಟರಮ್ಮ ಮರೆತಿಲ್ಲ ಎಂದರು. ಆಮೇಲೆ ನಿಧಾನವಾಗಿ ಹೇಳಿದರು:

"ನಮಗ ಹಂಗ ಹೇಳಿದವರು ಯಾರೂ ಹಡದವರಲ್ಲ. ನಾನೂ ಹಡದಿಲ್ಲ. ಆದ್ರ ಕಣ್ಣು ಅದಾವ. ಚುಚ್ಚಿದ ಕಾಲು ಕೂಸು ಎಳಕೊಂತೈತಿ, ಚುಚ್ಚದ ಕಾಲು ಎಳಕೊಳ್ಳಂಗಿಲ್ಲ."

ಅವರಿಗೆ ಮಕ್ಕಳಿಲ್ಲ ಎಂಬುದನ್ನು ಅವರ ಬಾಯಿಂದ ಕೇಳಿದ್ದು ಅದೊಂದೇ ಸಲ. ನಾನು ಕೂಸಿನ ಬೆನ್ನು ತಟ್ಟುತ್ತಿದ್ದವನು ಇನ್ನಷ್ಟು ಮೆಲ್ಲಗೆ ತಟ್ಟಿದೆ.

ಅವರ ಸಿಟ್ಟೆಲ್ಲ ಚುಟಿಗಿಯ ಮೇಲೆ. ಕೂಸಿಗೆ ಕಾಮಣಿಯಾಗಲಿ, ಹೊಟ್ಟೆ ಉಬ್ಬರವಾಗಲಿ, ನಮ್ಮ ಹಳ್ಳಿಗಳಲ್ಲಿ ಮೊದಲ ಮದ್ದು ಬಳೆಯ ಚೂರನ್ನೋ ಅರಿಶಿಣದ ಕೊಂಬನ್ನೋ ಕಾಯಿಸಿ ಹೊಟ್ಟೆಯ ಮೇಲೆ ಸುಡುವುದು. ಹಾಗೆ ಸುಟ್ಟು ತಂದ ಕೂಸು ಕಂಡರೆ ಡಾಕ್ಟರಮ್ಮ ಬಹುವಚನಕ್ಕೆ ಇಳಿಯುತ್ತಿದ್ದರು. ಗಂಡಸರೂ ಹಿಂದಿನ ಬಾಗಿಲು ಹುಡುಕುತ್ತಿದ್ದರು. ಮಸ್ಕಿಯಲ್ಲಿ ವಾರಕ್ಕೊಂದು ದಿನ ಅವರು ಒಂದು ಕೋಣೆಯಲ್ಲಿ ಕೂತು ಮಕ್ಕಳನ್ನು ನೋಡುತ್ತಿದ್ದರು. ಅಲ್ಲಿಗೆ ಹೋಗುವ ಬಸ್ಸಿನಲ್ಲೂ ಎದುರಿಗೆ ಬಾಣಂತಿ ಕೂತಿದ್ದರೆ ಕೂಸಿನ ಅಂಗಿ ಸರಿಸಿ ಹೊಟ್ಟೆ ನೋಡುತ್ತಿದ್ದರು. ಸುಟ್ಟ ಕಲೆ ಇದ್ದರೆ ಮಸ್ಕಿ ಬರುವವರೆಗೂ ಬಸ್ಸಿಗೆಲ್ಲ ಪಾಠ.

ಅಂಥವರು ಒಂದೇ ಒಂದು ಸಲ ಚುಟಿಗಿಯ ಮಾತಿಗೆ ಸಿಟ್ಟಾಗದೆ ಇದ್ದದ್ದನ್ನು ನಾನು ನೋಡಿದೆ.

ತುರ್ವಿಹಾಳದ ಒಬ್ಬ ಹುಡುಗಿ ತವರಿಗೆ ಬಂದವಳು ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು, ಹೊತ್ತಲ್ಲದ ಹೊತ್ತಿಗೆ ಹಡೆದಳು. ಕೂಸನ್ನು ಹತ್ತಿಯಲ್ಲಿ ಸುತ್ತಿ, ಹಳೆ ಸೀರೆಯಲ್ಲಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ತಂದರು. ತಂದವಳು ಹುಡುಗಿಯ ಅವ್ವ, ಕೂಸಿನ ಅಜ್ಜಿ. ಗಟ್ಟಿ ಮುದುಕಿ, ಬಾಗಿಲಲ್ಲೇ ಏಳು ತಿಂಗಳದ್ದು, ಏಳರ ಕೂಸು ಎಂದು ಮೂರು ಸಲ ಹೇಳಿದಳು. ಡಾಕ್ಟರಮ್ಮ ಕೂಸನ್ನು ನೋಡಿ, ಕಿವಿ ಮುಟ್ಟಿ, ಅಂಗಾಲು ತಿರುವಿ ನೋಡಿ, ಆಯಿತು ಯಮ್ಮಾ, ಏಳರದೇ ಅಂದರು.

ಎರಡು ದಿನಕ್ಕೆ ಕೂಸು ಅರಿಶಿಣ ಹಚ್ಚಿದ ಹಾಗೆ ಹಳದಿಯಾಯಿತು. ನಮ್ಮೂರ ಎಲೆಕ್ಟ್ರಿಷಿಯನ್ ಒಬ್ಬ ಮಾಡಿಕೊಟ್ಟಿದ್ದ ನೀಲಿ ಟ್ಯೂಬ್‌ಲೈಟುಗಳ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಕರೆಂಟು ಹೋದರೆ ಜನರೇಟರು. ಕಾಮಣಿಯ ವಿಷ ಹೆಚ್ಚಿ ಮಿದುಳಿಗೆ ಹೋದರೆ ಕೂಸು ಉಳಿಯುವುದಿಲ್ಲ. ಉಳಿದರೂ ಕಿವಿ ಕೇಳಿಸದೆ, ಕೈಕಾಲು ಸೆಟೆದು ಉಳಿಯುತ್ತದೆ. ಒಂದು ಮಟ್ಟ ದಾಟಿದರೆ ಮೈಯ ರಕ್ತವನ್ನೇ ಬದಲಿಸಬೇಕು. ಅದು ಸಿಂಧನೂರಿನಲ್ಲಿ ಆಗುವ ಕೆಲಸವಲ್ಲ, ದೂರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆ ಪ್ರಯಾಣದ ಗಾಳಿ, ಕುಲುಕಾಟವನ್ನು ಅಷ್ಟು ಚಿಕ್ಕ ಜೀವ ತಡೆಯುತ್ತದೆಂಬ ಭರವಸೆ ಇಲ್ಲ. ಮಟ್ಟ ತಿಳಿಯಲು ಒಂದೇ ದಾರಿ, ಚುಚ್ಚುವುದು. ನಾನು ಬಂದೆ, ಚುಚ್ಚಿದೆ, ಕೂತೆ. ಮರುದಿನ ಮತ್ತೆ ಬಂದೆ. ಸಂಖ್ಯೆ ಏರುತ್ತಿತ್ತು.

ನನಗೆ ಹೆದರಿಕೆ ಹತ್ತಿತು. ತಿಂಗಳು ಕಡಿಮೆಯಾದಷ್ಟೂ ಕೂಸು ತಡೆಯುವ ವಿಷ ಕಡಿಮೆ. ಏಳರ ಕೂಸಿಗೆ ಇದು ಅಪಾಯದ ಮಟ್ಟ, ಇನ್ನೂ ಯಾಕೆ ಕಳಿಸಿಲ್ಲ ಎಂದು ಡಾಕ್ಟರಮ್ಮನನ್ನೇ ಕೇಳಿದೆ. ಅವರು ನನ್ನನ್ನು ಕೂಸಿನ ಹತ್ತಿರ ಕರೆದು ಅಂಗಾಲು ತೋರಿಸಿದರು. ಬೆರಳುಗಳ ಕೆಳಗೆ ಒಂದೆರಡು ತೆಳ್ಳನೆಯ ಗೆರೆ ಇದ್ದವು.

"ಏಳರ ಕೂಸಿಂದು ಅಂಗಾಲು ಬೋಳು ಇರ್ತೈತಿ. ಇದು ಎಂಟರದು. ಎಂಟರ ಕೂಸು ಉಳಿಯಂಗಿಲ್ಲ, ಏಳರದು ಉಳೀತೈತಿ ಅಂತ ಈ ಕಡಿ ಮಂದಿ ನಂಬ್ಯಾರ. ಮುದುಕಿ ಸುಳ್ಳು ಹೇಳಿಲ್ಲೋ ತಮ್ಮಾ. ಕೂಸಿನ ಜೀವ ಹಿಡಕೊಂಡು ಕುಂತಾಳ."

ಎಂಟರದಾದರೆ ಇನ್ನೊಂದು ದಿನ ಬೆಳಕಿನ ಕೆಳಗೆ ಇಟ್ಟು ನೋಡಬಹುದು. ಮುದುಕಿಯ ಮಾತನ್ನು ನಂಬಿದ್ದರೆ ಕೂಸು ಆಗಲೇ ಜೀಪಿನಲ್ಲಿ ಕುಲುಕುತ್ತಿತ್ತು. ಆದರೂ ಮುದುಕಿಯ ಎದುರಿಗೆ ಡಾಕ್ಟರಮ್ಮ ಕೊನೆಯವರೆಗೆ ಏಳು ಎಂದೇ ಹೇಳಿದರು.

ಮರುದಿನ ಬೆಳಿಗ್ಗೆ ನಾನು ತಟ್ಟೆ ಹಿಡಿದು ಹೋದಾಗ ಮುದುಕಿ ಕೂಸನ್ನು ಸೀರೆಯಲ್ಲಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗಳು ಹಿಂದೆ ಅಳುತ್ತಿದ್ದಳು. ಕೂಸಿನ ಎರಡೂ ಹಿಮ್ಮಡಿ ನೀಲಿಗಟ್ಟಿದ್ದನ್ನು ಮುದುಕಿ ಆ ಬೆಳಿಗ್ಗೆ ಒರೆಸುವಾಗ ನೋಡಿದ್ದಳಂತೆ. ವಳಕಮದಿನ್ನಿಯಲ್ಲಿ ಚುಟಿಗಿ ಹಾಕುವವಳೊಬ್ಬಳಿದ್ದಾಳೆ, ಅಲ್ಲಿಗೆ ಒಯ್ಯುತ್ತೇನೆಂದು ಹೊರಟಿದ್ದಳು. ಡಾಕ್ಟರಮ್ಮ ಅಡ್ಡ ಬಂದು ನಿಂತರು. ಈಗ ಬಹುವಚನ ಬಂತು ಎಂದು ನಾನು ಗೋಡೆಗೆ ಸರಿದೆ. ಮುದುಕಿ ಹೆದರಲಿಲ್ಲ.

"ನಾವು ಒಮ್ಮೆ ಸುಡ್ತೀವಿ, ಮುಗೀತು. ನೀವು ದಿನಾ ಚುಚ್ಚತೀರಿ. ಯಾವುದು ಪಾಪ, ನೀನ ಹೇಳವ್ವ."

ಡಾಕ್ಟರಮ್ಮ ಆ ಕಬ್ಬಿಣದ ಕುರ್ಚಿಯನ್ನು ಎಳೆದುಕೊಂಡು ಕೂತರು. ಆಮೇಲೆ ಏಕವಚನದಲ್ಲೇ, ಮೆಲ್ಲಗೆ ಹೇಳಿದರು:

"ಎರಡೂ ನೋವ. ಖರೇ ಐತಿ ನಿನ್ನ ಮಾತು. ಆದ್ರ ಚುಚ್ಚಿದ್ದು ನನಗ ಏನರ ಹೇಳ್ತೈತಿ ಯಮ್ಮಾ, ಸುಟ್ಟದ್ದು ಏನೂ ಹೇಳಂಗಿಲ್ಲ. ಇವತ್ತೊಂದು ಸಲ ತಡಿ. ಕೂಸಿನ ಅವ್ವನ ಎದಿಮ್ಯಾಲ ಇಟ್ಟು ಇಂವ ರಕ್ತ ತಗೀತಾನ. ನೀ ಮುಂದ ಕುಂತು ನೋಡು. ತಡೀಲಿಕ್ಕೆ ಆಗ್ಲಿಲ್ಲ ಅಂದ್ರ ಒಯ್ಯಿ, ನಾ ಅಡ್ಡ ಬರಂಗಿಲ್ಲ."

ಮುದುಕಿ ತಕರಾರು ತೆಗೆದಳು. ಬಾಣಂತಿ ರಕ್ತ ನೋಡಬಾರದಲ್ಲ, ಹಾಲು ಬತ್ತಿದರೆ ಗತಿಯೇನು? ಕಣ್ಣು ಮುಚ್ಚಿಕೊಳ್ಳಲಿ ಅಂದರು ಡಾಕ್ಟರಮ್ಮ. ಮುದುಕಿ ಮಗಳ ಮುಖ ನೋಡಿದಳು. ಮಗಳು ಮಂಚದ ಮೇಲೆ ಕೂತು ಕುಪ್ಪಸದ ಗುಂಡಿ ಬಿಚ್ಚಿದಳು.

ನಾನು ಗೋಡೆಯ ಕಡೆ ಮುಖ ಮಾಡಿ ಕೈ ತೊಳೆದೆ. ಸಾಬೂನನ್ನು ಎರಡು ಸಲ ಹಚ್ಚಿದೆ. ಅಳು ಜೋರಾದರೆ ಮುದುಕಿ ಒಯ್ಯುತ್ತಾಳೆ. ಒಯ್ದರೆ ಕೂಸು ಉಳಿಯುವುದಿಲ್ಲ. ಎಲ್ಲವೂ ನನ್ನ ಒಂದು ಚುಚ್ಚಿನ ಮೇಲೆ ನಿಂತಿತ್ತು. ತಿರುಗಿ ನೋಡಿದಾಗ ಕೂಸು ತಾಯಿಯ ಎದೆಗೆ ಅಂಟಿಕೊಂಡಿತ್ತು. ತಾಯಿ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದಳು. ಡಾಕ್ಟರಮ್ಮ ಬೆಚ್ಚಗಿನ ಬಟ್ಟೆಯನ್ನು ಎಡ ಮಣಿಕಟ್ಟಿಗೆ ಒತ್ತಿ ನೋಡಿದರು, ಮುದುಕಿಯ ಮಣಿಕಟ್ಟಿಗೂ ಒತ್ತಿ ತೋರಿಸಿದರು, ಆಮೇಲೆ ಕೂಸಿನ ಕಾಲಿಗೆ ಸುತ್ತಿದರು. ತಾಯಿಯ ಹಾಲು ಎರಡು ಹನಿ ಬೆರಳಿಗೆ ತಗೊಂಡು ಕೂಸಿನ ನಾಲಿಗೆಗೆ ಮುಟ್ಟಿಸಿದರು. ಕೂಸು ಚೀಪಿತು. ಚೀಪುತ್ತಿರುವಾಗ ನನಗೆ ಕಣ್ಣಲ್ಲೇ ಹೂಂ ಅಂದರು.

ನೀಲಿ ಇಲ್ಲದ ಜಾಗ ಹುಡುಕಿ, ಶಾಯಿಯ ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಂಡು ಚುಚ್ಚಿದೆ. ಕೂಸು ಕಾಲು ಎಳೆದುಕೊಂಡಿತು. ಹಣೆ ಸುಕ್ಕಾಯಿತು, ಬಾಯಿ ತೆರೆಯಿತು, ಒಂದು ಸಣ್ಣ ಅಳು ಹೊರಟಿತು. ತಾಯಿ ಕಣ್ಣು ಬಿಟ್ಟುಬಿಟ್ಟಳು. ಕಣ್ಣು ಬಿಟ್ಟು, ರಕ್ತ ನೋಡಿ, ಕೂಸಿನ ತಲೆಯನ್ನು ಇನ್ನೂ ಒತ್ತಿ ಹಿಡಿದು ಅದರ ಕಿವಿಯಲ್ಲಿ ಏನೋ ಅಂದಳು. ಕೂಸು ಮೂಗಿನಲ್ಲೊಮ್ಮೆ ಉಸಿರೆಳೆದು ಮತ್ತೆ ಚೀಪಲಿಕ್ಕೆ ಹತ್ತಿತು. ಹನಿಗಳು ತಾವಾಗಿಯೇ ಕೊಳವೆಗೆ ಏರಿದವು. ನಾನು ಅರಳೆ ಒತ್ತಿ ಹಿಡಿದೆ. ಎಲ್ಲರೂ ಮುದುಕಿಯನ್ನು ನೋಡುತ್ತಿದ್ದೆವು.

"ಅತ್ತಿತು," ಅಂದಳು ಮುದುಕಿ. ಕೂಸಿನ ಹಣೆ ಮುಟ್ಟಿ, "ಅತ್ತಿತು, ಆದ್ರ ಅಂಜಲಿಲ್ಲ" ಅಂದಳು. ಸೀರೆಯ ಗಂಟನ್ನು ಬಿಚ್ಚಿ ಮಡಿಸಿ ಮಂಚದ ಕೆಳಗೆ ಇಟ್ಟಳು.

ಸಂಖ್ಯೆ ಆ ದಿನ ಏರಿರಲಿಲ್ಲ. ಎರಡು ಸಲ ನೋಡಿ, ನಂಬಿಕೆಯಾಗದೆ ಮೂರನೇ ಸಲ ನೋಡಿ, ಲ್ಯಾಬಿನಿಂದ ಆಸ್ಪತ್ರೆಗೆ ಓಡಿಹೋದೆ. ಡಾಕ್ಟರಮ್ಮ ಚೀಟಿ ನೋಡಿ ಮಡಿಸಿ ಜೇಬಿಗಿಟ್ಟುಕೊಂಡು, ಇನ್ನು ಚುಚ್ಚುವುದು ಬೇಡ, ಇಳಿಯುತ್ತದೆ, ಕಣ್ಣಲ್ಲೇ ನೋಡಿಕೊಳ್ಳುತ್ತೇನೆ ಅಂದರು. ಹೊಗಳುತ್ತಾರೇನೋ ಎಂದು ನಾನು ಇನ್ನೂ ನಿಂತಿದ್ದೆ. ಬೆಳಿಗ್ಗೆ ರೂಢಿಯಂತೆ ಬಿಚ್ಚಿದ್ದು ಹಾಗೇ ಉಳಿದದ್ದನ್ನು ನೋಡಿ, ಅಂಗಿಯ ಗುಂಡಿ ಹಾಕ್ಕೊ ಅಂದರು.

ಆ ದಿನದಿಂದ ನಾನು ಬಂದರೆ ವಾರ್ಡು ಖಾಲಿಯಾಗುವುದು ನಿಂತಿತು. ತಾಯಂದಿರ ಎದೆಯ ಮೇಲೆಯೇ ಚುಚ್ಚುವುದು ರೂಢಿಯಾಯಿತು. ಯಾರ ಎದೆಹಾಲೂ ಬತ್ತಲಿಲ್ಲ. ಆದರೂ ನಿಯಮ ನಿಯಮವೇ. ತಾಯಿ ಎತ್ತಿಕೊಂಡಿದ್ದರೂ ಚುಚ್ಚಿದವನು ಪಕ್ಕದಲ್ಲಿ, ಅರಳೆ ಒತ್ತಿದ ಆ ಪಾದ ಹಿಡಿದು, ಅಳು ನಿಲ್ಲುವವರೆ‌ಗೆ ಕೂರಬೇಕು. ತುರ್ವಿಹಾಳದ ಮುದುಕಿ ನಮ್ಮ ಪರವಾಗಿ ಆ ಕಡೆಯ ಹಳ್ಳಿಗಳಲ್ಲಿ ಎಷ್ಟು ಪ್ರಚಾರ ಮಾಡಿದಳೋ ಗೊತ್ತಿಲ್ಲ. ಅಲ್ಲಿಯ ದವಾಖಾನಿಯಾಗ ಚುಚ್ಚಿದಾಂವ ಓಡಿಹೋಗಂಗಿಲ್ಲ, ಕುಂದರ್ತಾನ ಎಂದು ಕೇಳಿಕೊಂಡು ಬಂದವರು ಬಹಳ. ಚುಟಿಗಿ ಸುಟ್ಟ ಕೂಸುಗಳು ಆಮೇಲೂ ಬಂದವು, ಬರುತ್ತಲೇ ಇದ್ದವು. ಡಾಕ್ಟರಮ್ಮ ಬೈಯುವುದನ್ನೂ ಬಿಡಲಿಲ್ಲ. ಆದರೆ ಬೈಯುವ ಮೊದಲು ಕೂತುಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರಿಗೇ ರಕ್ತದ ಕಾಯಿಲೆ ಅಂಟಿತು. ಆಸ್ಪತ್ರೆಯನ್ನು ಇನ್ನೊಬ್ಬರಿಗೆ ವಹಿಸಿ ಲಿಂಗಸುಗೂರಿಗೆ, ತಮ್ಮನ ಮನೆಗೆ ಹೋದರು. ಬೇನೆಯ ಬಗ್ಗೆ ಕೇಳಿದರೆ ಮಾತು ತಿರುಗಿಸುತ್ತಿದ್ದರು. ಒಂದು ದಿನ ಅವರ ತಮ್ಮ ಫೋನು ಮಾಡಿ, ಅಕ್ಕನ ಕೈಯಲ್ಲಿ ನಾಳವೇ ಸಿಗುತ್ತಿಲ್ಲ, ಅಲ್ಲಿಯ ಹುಡುಗಿ ಚುಚ್ಚಿ ಚುಚ್ಚಿ ಬೆದರಿ ಹೋದಳು, ನಿಮ್ಮನ್ನು ಕರೆಸು ಅಂತ ಅಕ್ಕನೇ ಹೇಳಿದಳು ಎಂದರು. ಮಧ್ಯಾಹ್ನದ ಬಸ್ಸು ಹಿಡಿದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ನನ್ನ ಓಣಿಯ ಕಡೆ ಮುಖ ತಿರುಗಿಸಿಯೂ ನೋಡಲಿಲ್ಲ.

ಬಜಾರಿನ ಮೇಲಿನ ಮಾಳಿಗೆಯ ಕೋಣೆಯಲ್ಲಿ ಮಲಗಿದ್ದರು. ಮೊದಲೇ ಗಿಡ್ಡ ಆಳು, ಹಾಸಿಗೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಹಣೆಯ ವಿಭೂತಿ ಮಾತ್ರ ಸರಿಯಾಗಿತ್ತು. ಕೈ ತೊಳದಿ? ಎಂದರು. ತೊಳೆದೆ ಎಂದೆ. ಬಾಟಲಿ ತೋರಿಸು ಎಂದರು. ಮಕ್ಕಳಿಗೆ ಬಳಸುವ ಸಣ್ಣ ಬಾಟಲಿ ತಂದಿದ್ದೆ. ನೋಡಿ ತಲೆಯಾಡಿಸಿದರು. ಎರಡೂ ಕೈಗಳು ತುರ್ವಿಹಾಳದ ಆ ಕೂಸಿನ ಹಿಮ್ಮಡಿಯ ಹಾಗೆ ನೀಲಿಗಟ್ಟಿದ್ದವು. ಬಟ್ಟೆ ಬೆಚ್ಚಗೆ ಮಾಡಿ, ನನ್ನ ಎಡ ಮಣಿಕಟ್ಟಿಗೆ ಒತ್ತಿ ನೋಡಿ, ಅವರ ಕೈಗೆ ಸುತ್ತಿದೆ. ನಾಳ ಎದ್ದಿತು. ಒಂದೇ ಸಲಕ್ಕೆ ಸಿಕ್ಕಿತು. ಅವರ ಹಣೆ ಒಂದು ಕ್ಷಣ ಸುಕ್ಕಾಗಿ ಸಡಿಲಾಯಿತು. ಅರಳೆ ಒತ್ತಿದೆ. ಬಾಟಲಿಯನ್ನು ಚೀಲದೊಳಗೆ ಇಟ್ಟೆ.

"ಹೋಗು, ಬಸ್ ತಪ್ಪತೈತಿ," ಅಂದರು. "ಸ್ಯಾಂಪಲ್ ಕೆಡ್ತೈತಿ."

"ಕಾಯ್ತೈತ್ರಿ," ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು. ಬಹುವಚನಕ್ಕೆ ಇಳಿಯುತ್ತಾರೆಂದು ಕಾದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಮೂಲೆಯ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದು, ಅರಳೆ ಒತ್ತಿದ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಕೂತೆ. ಕೆಳಗೆ ಬಜಾರಿನಲ್ಲಿ ಮಧ್ಯಾಹ್ನ ಮುಚ್ಚಿದ್ದ ಅಂಗಡಿಗಳ ಬಾಗಿಲು ತೆಗೆಯುವ ಸದ್ದು ಕೇಳುತ್ತಿತ್ತು. ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ಅವತ್ತು ಅತ್ತವರು ಅವರಲ್ಲ. ಆದರೆ ಯಾರ ಅಳು ನಿಲ್ಲಬೇಕು ಎಂದು ಅವರ ನಿಯಮದಲ್ಲಿ ಇರಲಿಲ್ಲ. ನಿಲ್ಲುವವರೆಗೂ ಕೂತಿದ್ದೆ.